ದಿನಕ್ಕೆ ಎರಡು ಪೈಸೆ, ಮಧ್ಯಾಹ್ನಕ್ಕೆ ಊಟ: ಬಡ ಮಕ್ಕಳ ಶಾಲೆ ಕಟ್ಟಿದ ಕುದ್ಮುಲ್ ರಂಗರಾಯರು

ಗುರುವಾಯನಕೆರೆ: ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯ ಯಾವುದೇ ಅಂಗನವಾಡಿಗೆ ಬೆಳಗ್ಗೆ ಹೋದರೂ ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಮಾತಾಡುವ ಮಗು, ಕನ್ನಡದಲ್ಲಿ ಹಾಡು ಹೇಳಿಕೊಡುವ ಟೀಚರ್, ಒಳಗೆ ಒಲೆಯ ಮೇಲೆ ಬೇಯುತ್ತಿರುವ ಅನ್ನ. ಊಟ ಇಲ್ಲದ ಅಂಗನವಾಡಿ, ಬಿಸಿಯೂಟ ಇಲ್ಲದ ಸರಕಾರಿ ಶಾಲೆ ಈಗ ಯಾರ ಊಹೆಗೂ ಬರುವುದಿಲ್ಲ. ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ರಾಜ್ಯದ ಶಾಲೆಗಳಿಗೆ ಅಕ್ಷರ ದಾಸೋಹದ ಬಿಸಿಯೂಟ ಬಂದದ್ದು 2002ರ ನಂತರ. ಆದರೆ ಹಸಿದ ಮಗುವಿಗೆ ಮೊದಲು ಊಟ, ಆಮೇಲೆ ಪಾಠ ಅನ್ನುವ ಲೆಕ್ಕವನ್ನು ಈ ಜಿಲ್ಲೆಯಲ್ಲಿ ಅದಕ್ಕೂ ನೂರು ವರ್ಷ ಹಿಂದೆಯೇ ಒಬ್ಬ ವಕೀಲರು ಹಾಕಿದ್ದರು. ಅವರೇ ಕುದ್ಮುಲ್ ರಂಗರಾಯರು.

ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ. ಕಾರ್ಯಕ್ರಮದ ಆಮಂತ್ರಣ ಪತ್ರಿಕೆಗಳಲ್ಲಿ ಆ ಹೆಸರು ನೋಡದವರು ಜಿಲ್ಲೆಯಲ್ಲಿ ಕಡಿಮೆ. ಆದರೆ ಅವರು ಶಾಲೆ ನಡೆಸಿದ್ದು ಹೇಗೆ, ಅದಕ್ಕೆ ಕೊಟ್ಟ ಬೆಲೆ ಏನು ಅನ್ನುವುದು ಅಷ್ಟಾಗಿ ಮಾತಿಗೆ ಬರುವುದಿಲ್ಲ.

ಎಂಟು ರೂಪಾಯಿ ಸಂಬಳದ ಮೇಷ್ಟ್ರು

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ಸೀಮೆಯ ಕುದ್ಮುಲ್‌ನಲ್ಲಿ. ಆಗ ಕಾಸರಗೋಡು ಕೂಡ ದಕ್ಷಿಣ ಕನ್ನಡದ ಭಾಗವೇ. ಇಡೀ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅವರದು ಸಾರಸ್ವತ ಬ್ರಾಹ್ಮಣ ಕುಟುಂಬ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಹೋದರು. ಮನೆಯ ಭಾರ ಹೆಗಲಿಗೆ ಬಿತ್ತು. ಕೆಲಸ ಹುಡುಕಿಕೊಂಡು ಮಂಗಳೂರಿಗೆ ಬಂದ ಹುಡುಗನಿಗೆ ಸಿಕ್ಕಿದ್ದು ಶಾಲೆಯ ಮೇಷ್ಟ್ರ ಕೆಲಸ, ತಿಂಗಳಿಗೆ ಎಂಟು ರೂಪಾಯಿ ಸಂಬಳ.

ಆ ಸಂಬಳದಲ್ಲೇ ಮನೆ ನಡೆಸುತ್ತಾ ಮೆಟ್ರಿಕ್ ಮುಗಿಸಿದರು. ಪ್ಲೀಡರ್ ಪರೀಕ್ಷೆಯನ್ನೂ ಪಾಸು ಮಾಡಿದರು. ಮಂಗಳೂರಿನ ಕೋರ್ಟಿನಲ್ಲಿ ವಕೀಲಿಕೆ ಶುರುವಾಯಿತು. ಬಡವರ ಕೇಸು ಹಿಡಿಯುವ ವಕೀಲರು ಅಂತ ಬೇಗನೆ ಹೆಸರಾಯಿತು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕೋರ್ಟಿನಲ್ಲಿ ಇಂಗ್ಲಿಷ್ – ನಾಲ್ಕು ಭಾಷೆಗಳ ನಡುವೆ ಬೆಳೆದ ಮನುಷ್ಯ ಅವರು. ಉಳ್ಳಾಲ ರಘುನಾಥಯ್ಯನವರು 1870ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ್ದ ಬ್ರಹ್ಮ ಸಮಾಜದ ಸಂಪರ್ಕವೂ ಬಂತು. ಜಾತಿ ಇಲ್ಲ ಅಂತ ಪ್ರಾರ್ಥನೆಯಲ್ಲಿ ಹೇಳಿದ ಮಾತನ್ನು ಬೀದಿಯಲ್ಲೂ ನಡೆಸಬೇಕು ಎಂಬ ಹಟ ರಂಗರಾಯರದ್ದು.

ಬೆಂದೂರು ಬಾಬು

ಆ ಹಟಕ್ಕೆ ಕಾರಣ ಕೋರ್ಟಿನಲ್ಲೇ ಸಿಕ್ಕಿತು. ಬೆಂದೂರಿನ ಬಾಬು ಎಂಬ ದಲಿತ ಯುವಕ ನಾಲ್ಕನೇ ತರಗತಿವರೆಗೆ ಓದಿದ್ದ. ಜಿಲ್ಲೆಯ ದಲಿತರಲ್ಲಿ ಅಷ್ಟು ಓದಿದವರಲ್ಲಿ ಅವನೇ ಮೊದಲಿಗ ಅಂತ ಹೇಳುತ್ತಾರೆ. ಆ ಓದಿಗೆ ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ಕಿತು. ಆದರೆ ಮೇಲ್ಜಾತಿಯವರಿಗೆ ಅವನು ಆವರಣದಲ್ಲಿ ಓಡಾಡುವುದೇ ಸಹಿಸಲಿಲ್ಲ. ಕಿರುಕುಳ ಹೆಚ್ಚಿ ಕೆಲಸ ಉಳಿಸಿಕೊಳ್ಳಲು ಆಗಲಿಲ್ಲ.

ಓದಿದರೆ ಉದ್ಧಾರ ಆಗುತ್ತದೆ ಅನ್ನುವ ಮಾತು ಅವನ ಮಟ್ಟಿಗೆ ಸುಳ್ಳಾಯಿತು. ಒಬ್ಬ ಬಾಬು ಓದಿದರೆ ಸಾಲದು, ನೂರಾರು ಮಕ್ಕಳು ಓದಬೇಕು, ಓದಿದವರ ಬೆನ್ನಿಗೆ ನಿಲ್ಲುವವರೂ ಬೇಕು. ರಂಗರಾಯರ ಮುಂದಿನ ಬದುಕೆಲ್ಲ ಈ ದಾರಿಯಲ್ಲೇ ಸಾಗಿತು.

ಜಾಗವೂ ಇಲ್ಲ, ಮೇಷ್ಟ್ರೂ ಇಲ್ಲ

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಬಾಡಿಗೆ ಜಾಗದಲ್ಲಿ ಮೊದಲ ಶಾಲೆ ತೆರೆದರು. ಪಂಚಮ ಶಾಲೆ ಅಂತ ಕರೆಯುತ್ತಿದ್ದ ಕಾಲ ಅದು. ಅಂಬೇಡ್ಕರ್ ಆಗ ಒಂದು ವರ್ಷದ ಮಗು. ಗಾಂಧೀಜಿ ಲಂಡನ್ನಿನಿಂದ ಹಿಂದಿನ ವರ್ಷವಷ್ಟೇ ವಾಪಸಾಗಿದ್ದ ಯುವ ಬ್ಯಾರಿಸ್ಟರ್. ದಲಿತ ಮಕ್ಕಳಿಗೆ ಶಾಲೆ ಅನ್ನುವುದಕ್ಕೆ ದೇಶದ ದೊಡ್ಡ ನಾಯಕರ ಬೆಂಬಲ ಸಿಗಲು ಇನ್ನೂ ವರ್ಷಗಳಿದ್ದವು.

ವಿಷಯ ತಿಳಿದ ಕೂಡಲೇ ವಿರೋಧ ಎದ್ದಿತು. ಬಾಡಿಗೆಗೆ ಕೊಟ್ಟ ಜಾಗ ಬಿಡಿಸಿದರು. ಬೇರೆ ಕಡೆ ಹೋದರೆ ಅಲ್ಲೂ ಅದೇ ಕತೆ. ಶಾಲೆ ಊರಿಂದೂರಿಗೆ ಅಲೆಯಿತು. ಕೊನೆಗೆ ಶೇಡಿಗುಡ್ಡೆಯಲ್ಲಿ, ಕೋರ್ಟು ಗುಡ್ಡದ ಹತ್ತಿರ, ಕಾಲೂರಲು ಜಾಗ ಸಿಕ್ಕಿತು.

ಜಾಗ ಸಿಕ್ಕಿದ ಮೇಲೆ ಕಲಿಸುವವರು ಬೇಕಲ್ಲ? ದಲಿತ ಮಕ್ಕಳಿಗೆ ಪಾಠ ಹೇಳಲು ಮೇಲ್ಜಾತಿಯ ಮೇಷ್ಟ್ರುಗಳು ಮುಂದೆ ಬರಲಿಲ್ಲ. ಬಾಸೆಲ್ ಮಿಷನ್ 1834ರಲ್ಲೇ ಮಂಗಳೂರಿಗೆ ಬಂದು ಶಾಲೆಗಳನ್ನು ನಡೆಸುತ್ತಿದ್ದರಿಂದ ಓದು ಬಲ್ಲ ಕ್ರೈಸ್ತರು ಊರಿನಲ್ಲಿದ್ದರು. ರಂಗರಾಯರು ಕ್ರೈಸ್ತ ಶಿಕ್ಷಕರನ್ನು ನೇಮಿಸಿಕೊಂಡರು. ಧರ್ಮ ಯಾವುದು ಅಂತ ನೋಡುತ್ತಾ ಕೂತಿದ್ದರೆ ಶಾಲೆಯ ಬಾಗಿಲೇ ತೆರೆಯುತ್ತಿರಲಿಲ್ಲ.

ಅದೇ ಕಾಲದ ಇನ್ನೊಂದು ಶಾಲೆಯ ಜೊತೆ ಇದನ್ನು ಹೋಲಿಸಿ ನೋಡಬಹುದು. ಈಗ ಪೇಟೆ ಪೇಟೆಯಲ್ಲೂ ಬೋರ್ಡು ಕಾಣುವ ಮಾಂಟೆಸ್ಸರಿ ಪದ್ಧತಿ ಹುಟ್ಟಿದ್ದು ಇಟಲಿಯ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ, 1907ರ ಜನವರಿ 6ರಂದು. ಅಲ್ಲಿ ಮರಿಯಾ ಮಾಂಟೆಸ್ಸರಿಯವರನ್ನು ಕರೆದು ಜಾಗ ಕೊಟ್ಟವರು ಕಟ್ಟಡದ ಮಾಲಕರೇ. ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ ಮಕ್ಕಳು ಗೋಡೆ ಹಾಳು ಮಾಡುತ್ತಾರೆ ಅನ್ನುವುದು ಅವರ ಚಿಂತೆಯಾಗಿತ್ತು. ಅದಕ್ಕೂ 15 ವರ್ಷ ಮೊದಲು ಮಂಗಳೂರಿನಲ್ಲಿ ಮಕ್ಕಳು ಗೋಡೆಯ ಹತ್ತಿರ ಬರುವುದೇ ಬೇಡ ಅನ್ನುವ ಮಾಲಕರ ನಡುವೆ ರಂಗರಾಯರು ಶಾಲೆ ಹೂಡಿದ್ದರು. ಅವರದು ಶಿಶುವಿಹಾರ ಅಲ್ಲ, ಪ್ರಾಥಮಿಕ ಶಾಲೆ. ಆದರೆ ಬಡವರ ಮಗುವಿಗೆ ಓದಿನ ಮೊದಲ ಮೆಟ್ಟಿಲು ಕಟ್ಟುವ ಕೆಲಸ ಎರಡೂ ಕಡೆ ಒಂದೇ.

ಎರಡು ಪೈಸೆಯ ಲೆಕ್ಕ

ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರಲಿಲ್ಲ. ಅದಕ್ಕೆ ಕಾರಣ ತಂದೆ ತಾಯಿಗಳ ಉದಾಸೀನ ಅಲ್ಲ. ದಲಿತ ಕುಟುಂಬಗಳಲ್ಲಿ ಬಹಳಷ್ಟು ಮಂದಿ ಮೂಲದ ಆಳುಗಳಾಗಿ ಧಣಿಗಳ ಗದ್ದೆಗೆ ಕಟ್ಟುಬಿದ್ದವರು. ಮಗು ದನ ಮೇಯಿಸಿದರೆ, ಕೂಸನ್ನು ನೋಡಿಕೊಂಡರೆ, ಸೊಪ್ಪು ತಂದರೆ ಮನೆಗೆ ಅಷ್ಟು ಆಸರೆ. ಆ ಮಗುವನ್ನು ಇಡೀ ದಿನ ಪುಸ್ತಕದ ಮುಂದೆ ಕೂರಿಸಿದರೆ ಆ ದಿನದ ಗಂಜಿಗೆ ಯಾರು ಗತಿ?

ರಂಗರಾಯರು ಇದಕ್ಕೆ ಉಪದೇಶ ಮಾಡಲಿಲ್ಲ. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು. ಮಧ್ಯಾಹ್ನ ಊಟ ಹಾಕಿದರು. ಮನೆಗೆ ಆಗುವ ನಷ್ಟವನ್ನು ಶಾಲೆಯೇ ತುಂಬಿಕೊಡುವ ಲೆಕ್ಕ ಇದು. ಮನೆಯಲ್ಲಿ ಮಗು ನುಪ್ಪು ಅನ್ನುವುದನ್ನು ಕನ್ನಡದಲ್ಲಿ ಅನ್ನ ಅನ್ನುತ್ತಾರೆ. ಬಟ್ಟಲಿಗೆ ಬಿದ್ದ ಮೇಲೆ ಆ ಶಬ್ದ ಕಲಿಯಲು ಎಷ್ಟು ಹೊತ್ತು ಬೇಕು!

1897ರಲ್ಲಿ ಈ ಕೆಲಸಕ್ಕೆ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯ ರೂಪ ಕೊಟ್ಟರು. ಮುಂಬಯಿಯಲ್ಲಿ ವಿಠಲ ರಾಮಜಿ ಶಿಂಧೆಯವರು ಇದೇ ಹೆಸರಿನ ಸಂಸ್ಥೆ ಕಟ್ಟಿದ್ದು 1906ರಲ್ಲಿ. ಅಂದರೆ ಮಂಗಳೂರು ಒಂಬತ್ತು ವರ್ಷ ಮುಂದಿತ್ತು. ದಡ್ಡಲ್‌ಕಾಡು, ಅತ್ತಾವರದ ಬಾಬುಗುಡ್ಡೆ, ಮುಲ್ಕಿ, ಉಡುಪಿ ಕಡೆಯ ಬನ್ನಂಜೆ, ನೇಜಾರು ಹೀಗೆ ಶಾಲೆಗಳು ಹರಡಿದವು. ಓದಿನ ಜೊತೆ ನೇಯ್ಗೆ, ಬಡಗಿ ಕೆಲಸವನ್ನೂ ಕಲಿಸಿದರು. ನಾಲ್ಕಕ್ಷರ ಕಲಿತವನು ಮತ್ತೆ ಧಣಿಯ ಅಂಗಳಕ್ಕೇ ಹೋಗಿ ನಿಲ್ಲಬಾರದಲ್ಲ? ಹೆಣ್ಣುಮಕ್ಕಳು ಉಳಿದುಕೊಂಡು ಓದಲು ವ್ಯವಸ್ಥೆ ಆಯಿತು. ಕೊರಗರೂ ಸೇರಿದಂತೆ ಮನೆ, ಜಾಗ ಇಲ್ಲದ ಕುಟುಂಬಗಳಿಗೆ ಸರಕಾರದಿಂದ ಭೂಮಿ ಕೊಡಿಸಲು ಓಡಾಡಿದರು. ಇರಲು ಸ್ವಂತ ನೆಲ ಇಲ್ಲದ ಮನೆಯ ಮಗು ಇವತ್ತು ಶಾಲೆಗೆ ಬಂದರೂ ನಾಳೆ ಬರುವ ಖಾತ್ರಿ ಇಲ್ಲ ಎಂಬುದು ಅವರಿಗೆ ತಿಳಿದಿತ್ತು. ಶಾಲೆಯಿಂದ ಶುರುವಾದ ಕೆಲಸ ಹೀಗೆ ಮನೆ, ನೆಲ, ಉದ್ಯೋಗದವರೆಗೆ ಬೆಳೆಯಿತು.

ಅಂಗಾರ ಮಾಸ್ತರ್, ಗೋವಿಂದ ಮಾಸ್ತರ್ ಎಂಬ ಇಬ್ಬರು ದಲಿತರು ಪುರಸಭೆ ಮತ್ತು ಜಿಲ್ಲಾ ಬೋರ್ಡಿಗೆ ನಾಮನಿರ್ದೇಶನಗೊಳ್ಳುವ ಹಾಗೆ ರಂಗರಾಯರು ಮಾಡಿದರು. ಬೆಂದೂರು ಬಾಬುವನ್ನು ಕೋರ್ಟಿನ ಅಂಗಳದಲ್ಲೇ ಸಹಿಸದ ಊರು ಅದು. ಈಗ ಅಲ್ಲಿ ದಲಿತರಿಬ್ಬರು ಸಭೆಯ ಕುರ್ಚಿಯಲ್ಲೇ ಕೂತರು.

ಮನೆಯವರು ಕೊಟ್ಟ ಬೆಲೆ

ಇದೆಲ್ಲ ಸುಮ್ಮನೆ ಆಗಲಿಲ್ಲ. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು. ಬೀದಿಯಲ್ಲಿ ಬೈಗುಳ, ಕಲ್ಲೇಟು ತಪ್ಪಲಿಲ್ಲ. ಬಹಿಷ್ಕಾರ ಅಂದರೆ ಆಗಿನ ಕಾಲದಲ್ಲಿ ಮದುವೆ ಮುಂಜಿಗೆ ಕರೆಯದಿರುವುದು ಮಾತ್ರ ಅಲ್ಲ, ದಿನನಿತ್ಯದ ಬದುಕೇ ನಿಂತುಹೋಗುತ್ತಿತ್ತು. ಅಪ್ಪನ ಹಟದ ಫಲ ಉಂಡವರು ಮನೆಯ ಹೆಂಗಸರು, ಮಕ್ಕಳು. ಊರಿನ ಮಕ್ಕಳಿಗೆ ಬಾಗಿಲು ತೆರೆಸಲು ಹೋಗಿ ಸ್ವಂತ ಮಕ್ಕಳಿಗೆ ನೆಂಟರ ಮನೆ ಬಾಗಿಲು ಮುಚ್ಚಿಸಿದ ಹಾಗಾಯಿತು.

ಆದರೂ ಅವರು ಹಿಂದೆ ಸರಿಯಲಿಲ್ಲ. ಊರಿಗೆ ಹೇಳಿದ ಮಾತನ್ನು ಮನೆಯಲ್ಲೂ ನಡೆಸಿದರು. ಮಗಳು ರಾಧಾಬಾಯಿಯನ್ನು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿಸಿದರು. ರಾಧಾಬಾಯಿ ಆಕ್ಸ್‌ಫರ್ಡಿನಲ್ಲೂ ಕಲಿತರು. ತಮಿಳುನಾಡಿನ ಜಮೀನ್ದಾರ್ ಮನೆತನದ ಪಿ. ಸುಬ್ಬರಾಯನ್ ಜೊತೆ ಜಾತಿ ಮೀರಿ ಮದುವೆಯಾಯಿತು. ಸುಬ್ಬರಾಯನ್ 1926ರಲ್ಲಿ ಮದ್ರಾಸ್ ಪ್ರಾಂತ್ಯದ ಮುಖ್ಯ ಸಚಿವರಾದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು. 1938ರಲ್ಲಿ ಕೇಂದ್ರದ ಶಾಸನಸಭೆಗೆ ಆಯ್ಕೆಯಾದ ಮೊದಲ ಮಹಿಳೆ ಅವರೇ. ರಂಗರಾಯರ ಮೊಮ್ಮಗ ಜನರಲ್ ಪಿ.ಪಿ. ಕುಮಾರಮಂಗಲಂ ಮುಂದೆ ಭಾರತದ ಭೂಸೇನೆಯ ಮುಖ್ಯಸ್ಥರಾದರು.

ಧೂಳಿನ ಆಸೆ

ಬ್ರಿಟಿಷ್ ಸರಕಾರ ರಾವ್ ಸಾಹೇಬ್ ಬಿರುದು ಕೊಟ್ಟಿತು. ಕೊನೆಗಾಲದಲ್ಲಿ ಅದನ್ನೆಲ್ಲ ಬದಿಗಿಟ್ಟು ಸನ್ಯಾಸ ತೆಗೆದುಕೊಂಡ ರಂಗರಾಯರು ಈಶ್ವರಾನಂದ ಎಂಬ ಹೆಸರು ಪಡೆದರು. 1928ರ ಜನವರಿ 30ರಂದು ತೀರಿಕೊಂಡರು.

ಸಾಯುವ ಮೊದಲು ಅವರು ಹೇಳಿಟ್ಟ ಎರಡು ಮಾತು ಜಿಲ್ಲೆಯಲ್ಲಿ ಇಂದಿಗೂ ಉಳಿದಿವೆ. ತನ್ನ ಅಂತ್ಯಕ್ರಿಯೆಯನ್ನು ತೋಟಿಗಳೇ ಮಾಡಬೇಕು ಅನ್ನುವುದು ಒಂದು. ಬದುಕಿದ್ದಾಗ ಮುಟ್ಟಬಾರದು ಅಂತ ಸಮಾಜ ಯಾರನ್ನು ದೂರ ಇಟ್ಟಿತ್ತೋ, ಕೊನೆಯ ಸಲ ಅವರೇ ತನ್ನನ್ನು ಮುಟ್ಟಬೇಕು ಎಂದು ಬಯಸಿದರು. ಇನ್ನೊಂದು, ದಲಿತರ ಮಗುವೊಂದು ಕಲಿತು ದೊಡ್ಡದಾಗಿ ಕಾರಿನಲ್ಲಿ ಓಡಾಡುವ ದಿನ ಬರಬೇಕು, ಆ ಕಾರು ಎಬ್ಬಿಸಿದ ಧೂಳು ತನ್ನ ತಲೆಗೆ ತಾಗಿದರೆ ತನ್ನ ಬದುಕು ಸಾರ್ಥಕ ಎಂಬ ಆಸೆ. ಅತ್ತಾವರ ಬಾಬುಗುಡ್ಡೆಯಲ್ಲಿರುವ ಅವರ ಸಮಾಧಿಗೆ ಹೋಗುವವರು ಈ ಮಾತನ್ನು ನೆನಪಿಸಿಕೊಳ್ಳುತ್ತಾರೆ.

ಈಗ ಬಡವರ ಮಕ್ಕಳಿಗಾಗಿ ಶಾಲೆ, ಶಿಶುವಿಹಾರ ನಡೆಸುವವರಿಗೆ ಕಟ್ಟಡ, ಆಟಿಕೆ, ಎರಡು ಭಾಷೆಯ ಪುಸ್ತಕ ಎಲ್ಲ ಸಿಗಬಹುದು. ಆದರೂ ಒಂದು ದಿನ ಒಂದು ಮಗು ಬರುವುದಿಲ್ಲ. ಅಮ್ಮ ಬೀಡಿ ಕಟ್ಟುತ್ತಾ ಪುಟ್ಟ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲೇ ನಿಲ್ಲಿಸಿಕೊಂಡಿರಬಹುದು, ಅಪ್ಪನಿಗೆ ವಾರದಿಂದ ಕೂಲಿ ಇಲ್ಲದೇ ಇರಬಹುದು, ತರಗತಿಯಲ್ಲಿ ಯಾರೋ ಏನೋ ಅಂದಿರಬಹುದು. ಮಗು ಯಾಕೆ ಬರಲಿಲ್ಲ ಅಂತ ಮೊದಲು ಆ ಮನೆಗೆ ಹೋಗಿ ಕೇಳಬೇಕು. ಉರ್ವ ಚಿಲಿಂಬಿಯ ವಕೀಲರು 1892ರಲ್ಲಿ ಕೇಳಿದ್ದೂ ಅದನ್ನೇ. ಆ ಮನೆಯಿಂದ ಸಿಕ್ಕಿದ ಉತ್ತರವೇ ಎರಡು ಪೈಸೆ ಮತ್ತು ಮಧ್ಯಾಹ್ನದ ಊಟ.