ಜಗದ್ಗುರುವಿನೆದುರು ತಲೆಯೆತ್ತಿ ನಿಂತ ಬಣ್ಣಗಾರನ ಮಗಳು

ವಿನಯವೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದೇ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಮನೆಯಲ್ಲಿ ಹಿರಿಯರೆದುರು, ದೇವಾಲಯದಲ್ಲಿ ಗುರುಗಳೆದುರು ಆಡಬೇಕಾದ ಮಾತನ್ನು ನುಂಗಿಕೊಂಡು, ಹೊರಗೆ ಬಂದು ಗೊಣಗುವುದು ವಾಡಿಕೆಯೇ ಆಗಿಬಿಟ್ಟಿದೆ. ಸಿಯೆನಾದ ಸಂತ ಕ್ಯಾಥರೀನಳಿಗೆ ಈ ವಾಡಿಕೆ ತಿಳಿದಿರಲಿಲ್ಲ.

ಆಕೆ ಜನಿಸಿದ್ದು 1347ರಲ್ಲಿ, ಇಟಲಿಯ ಸಿಯೆನಾ ನಗರದಲ್ಲಿ. ತಂದೆ ಯಾಕೊಪೊ ಬೆನಿನ್ಕಾಸ ಬಟ್ಟೆಗೆ ಬಣ್ಣ ಕಟ್ಟುವ ಕಸುಬಿನವರು, ತಾಯಿ ಲಾಪಾ. ಮನೆ ತುಂಬ ಮಕ್ಕಳು. ಬಾಲ್ಯದಲ್ಲಿಯೇ ತನ್ನನ್ನು ಕ್ರಿಸ್ತನಿಗೆ ಅರ್ಪಿಸಿಕೊಂಡಿದ್ದ ಈ ಮಗಳಿಗೆ, ಅಕ್ಕ ಬೊನವೆಂತುರಾ ಹೆರಿಗೆಯಲ್ಲಿ ತೀರಿಕೊಂಡ ಬಳಿಕ, ವಿವಾಹದ ಒತ್ತಾಯ ಬಲವಾಯಿತು. ಕ್ಯಾಥರೀನಳು ಕೂಗಾಡಲಿಲ್ಲ, ತನ್ನ ಚೆಲುವಾದ ಕೇಶರಾಶಿಯನ್ನು ಕತ್ತರಿಸಿಕೊಂಡಳು. ಕುಪಿತರಾದ ಮನೆಯವರು ಆಕೆಯ ಕೋಣೆಯನ್ನು ಕಸಿದುಕೊಂಡು ಅಡುಗೆಮನೆಯ ದುಡಿತವನ್ನೆಲ್ಲ ಆಕೆಯ ಮೇಲೆ ಹೊರಿಸಿದರು. ತಂದೆಯಲ್ಲಿ ಯೇಸುಸ್ವಾಮಿಯನ್ನು, ತಾಯಿಯಲ್ಲಿ ಮಾತೆ ಮರಿಯಮ್ಮನವರನ್ನು, ಸೋದರರಲ್ಲಿ ಪ್ರೇಷಿತರನ್ನು ಭಾವಿಸಿಕೊಂಡು ಆಕೆ ನಗುನಗುತ್ತಲೇ ದುಡಿದಳು. ಆದರೆ ನಿಶ್ಚಯದಿಂದ ಕದಲಲಿಲ್ಲ.

ಕೊನೆಗೊಂದು ದಿನ ಮನೆಯವರೆಲ್ಲರ ಮುಂದೆ ನಿಂತು, ಹಿರಿಯರ ಮೇಲಣ ಗೌರವದಿಂದ ಅದುವರೆಗೆ ಮೌನವಾಗಿದ್ದುದಾಗಿಯೂ, ಇನ್ನು ಮೌನ ಸಲ್ಲದೆಂದೂ ತಿಳಿಸಿದಳು. ಮನೆಯಲ್ಲಿ ಆಳಾಗಿ ಇರಿಸಿಕೊಂಡರೂ ಸಂತೋಷವೇ, ಹೊರಗೆ ಹಾಕಿದರೂ ಸರಿಯೇ, ವಿವಾಹ ಮಾತ್ರ ಇಲ್ಲ ಎಂದಳು. ಇದರಲ್ಲಿ ದೂರಿರಲಿಲ್ಲ, ಬೆದರಿಕೆಯೂ ಇರಲಿಲ್ಲ. ತಂದೆ ಮಣಿದರು, ಇನ್ನು ಮುಂದೆ ಯಾರೂ ಆಕೆಯನ್ನು ಕಾಡಕೂಡದೆಂದು ಕಟ್ಟಪ್ಪಣೆ ಮಾಡಿದರು. ಮುಂದೆ ಆಕೆ ಮನೆಯಲ್ಲಿದ್ದುಕೊಂಡೇ ದೊಮಿನಿಕನ್ ಸಭೆಯ ಮೂರನೆಯ ವರ್ಗವನ್ನು ಸೇರಿ ರೋಗಿಗಳ ಶುಶ್ರೂಷೆಗೆ ತೊಡಗಿದಳು.

ಅಪ್ಪನ ಮುಂದೆ ಕಲಿತ ಈ ಮಾತುಗಾರಿಕೆ ಜಗದ್ಗುರುವಿನ ಮುಂದೆಯೂ ಬದಲಾಗಲಿಲ್ಲ. 1309ರಿಂದ ಜಗದ್ಗುರುಗಳು ರೋಮಾಪುರಿಯನ್ನು ತೊರೆದು ಅವಿನ್ಯೊನ್ ನಗರದಲ್ಲಿ ನೆಲೆಸಿದ್ದರು. ಫ್ರಾನ್ಸಿನವರಾದ ಹನ್ನೊಂದನೆಯ ಗ್ರೆಗೊರಿಯವರಿಗೆ ಹಿಂದಿರುಗುವ ಮನಸ್ಸಿದ್ದರೂ ಅಳುಕಿತ್ತು. ಸುತ್ತಲಿನ ಕಾರ್ಡಿನಲರು ತಡೆಯುತ್ತಿದ್ದರು. ಕ್ಯಾಥರೀನಳು ಬರೆಯಿಸಿದ ಪತ್ರಗಳು ಅವರಿಗೆ ತಲುಪತೊಡಗಿದವು. ಪುಟ್ಟ ಮಗು ಅಪ್ಪನನ್ನು ಕರೆಯುವಂತೆ ಸಂಬೋಧಿಸಿ, ಮರುಸಾಲಿನಲ್ಲಿಯೇ ಅಂಜಿಕೆಯನ್ನು ಬಿಟ್ಟು ರೋಮಿಗೆ ಬರಬೇಕೆಂದು ನೇರವಾಗಿ ಕೇಳುವ ಧಾಟಿ ಅವುಗಳದು.

1376ರ ಜೂನ್ ತಿಂಗಳಲ್ಲಿ ಆಕೆ ತಾನೇ ಅವಿನ್ಯೊನಿಗೆ ಬಂದಳು. ಲತೀನ್ ಬಾರದು, ಆಕೆಯ ತಸ್ಕನಿಯ ಮಾತನ್ನು ಕಾಪುವಾದ ರೈಮಂಡ್ ಗುರುಗಳು ಭಾಷಾಂತರಿಸಿದರು. ಜಗದ್ಗುರುಗಳ ಆಸ್ಥಾನದಲ್ಲಿ ಪಾಪದ ದುರ್ಗಂಧವಿದೆಯೆಂದು ಆಕೆ ಆಡಿದಾಗ, ಬಂದು ನಾಲ್ಕು ದಿನವಾಗದವಳಿಗೆ ಇದು ತಿಳಿದದ್ದು ಹೇಗೆಂದು ಗ್ರೆಗೊರಿಯವರು ಕೇಳಿದರಂತೆ. ಅಲ್ಲಿಯವರೆಗೆ ತಲೆಬಾಗಿ ನಿಂತಿದ್ದವಳು ನೆಟ್ಟಗೆ ನಿಂತು, ಆ ನಾತ ತನ್ನೂರಿನವರೆಗೂ ಬಂದಿತ್ತೆಂದು ಉತ್ತರಿಸಿದುದನ್ನು ರೈಮಂಡ್ ಗುರುಗಳು ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಭಾಷಾಂತರಿಸುವಾಗ ಅವರ ನಾಲಿಗೆ ತಡವರಿಸಿದ್ದರೆ ಆಶ್ಚರ್ಯವಿಲ್ಲ!

ಗ್ರೆಗೊರಿಯವರು ಗದರಲಿಲ್ಲ. ಸೆಪ್ಟೆಂಬರಿನಲ್ಲಿ ಅವಿನ್ಯೊನನ್ನು ಬಿಟ್ಟು 1377ರ ಜನವರಿ 17ರಂದು ರೋಮನ್ನು ಪ್ರವೇಶಿಸಿದರು. ಎಲ್ಲವೂ ಆಕೆಯಿಂದಲೇ ಆಯಿತೆನ್ನುವುದು ಭಕ್ತಿಯ ಅತಿಶಯ; ಹಿಂದಿರುಗುವ ಸಂಕಲ್ಪ ಅವರಲ್ಲಿ ಮೊದಲೇ ಇತ್ತು. ತೂಗಾಡುತ್ತಿದ್ದ ಮನಸ್ಸಿಗೆ ಆಕೆಯ ಮಾತು ಊರುಗೋಲಾಯಿತೆನ್ನಬಹುದು. ಅದೇ ಪ್ರಯಾಣದಲ್ಲಿ ಫ್ಲಾರೆನ್ಸ್ ನಗರದ ಪರವಾಗಿ ಆಕೆ ನಡೆಸಿದ ಸಂಧಾನವಾದರೋ ವಿಫಲವಾಯಿತು. ಆ ನಗರದ ರಾಯಭಾರಿಗಳೇ ಆಕೆಯನ್ನು ಕಡೆಗಣಿಸಿದರು.

1378ರಲ್ಲಿ ಆರನೆಯ ಅರ್ಬನ್ ಜಗದ್ಗುರುಗಳಾದರು. ಅವರು ಮುಂಗೋಪಿ. ಕಾರ್ಡಿನಲರು ಸಿಡಿದು ಪ್ರತಿಜಗದ್ಗುರುವನ್ನು ಆರಿಸಿದಾಗ ಕ್ಯಾಥರೀನಳು ಅರ್ಬನರ ಪಕ್ಷವನ್ನೇ ಹಿಡಿದಳು. ಆದರೂ ಸಿಟ್ಟನ್ನು ಹತೋಟಿಯಲ್ಲಿಡಬೇಕೆಂದು ಅವರಿಗೇ ಬರೆಯಲು ಹಿಂಜರಿಯಲಿಲ್ಲ. ಅವರನ್ನು ತೊರೆದ ಮೂವರು ಇಟಲಿಯ ಕಾರ್ಡಿನಲರಿಗೆ ಬರೆದ ಪತ್ರವಂತೂ ಕಾದ ಕಬ್ಬಿಣ. ಅರ್ಬನರ ಕರೆಗೆ ಓಗೊಟ್ಟು ರೋಮಿಗೆ ಬಂದು, ಸಭೆಯ ಐಕ್ಯಕ್ಕಾಗಿ ದೇಹವನ್ನು ಸವೆಸಿ, 1380ರ ಏಪ್ರಿಲ್ 29ರಂದು ಅಲ್ಲಿಯೇ ಕಣ್ಮುಚ್ಚಿದಳು. ಆಕೆಗೆ ಆಗ ಮೂವತ್ತಮೂರು ವರ್ಷ.

1461ರಲ್ಲಿ ಆಕೆಯನ್ನು ಸಂತಳೆಂದು ಘೋಷಿಸಲಾಯಿತು. ಲತೀನ್ ಅರಿಯದ ಈ ಬಣ್ಣಗಾರನ ಮಗಳಿಗೆ 1970ರಲ್ಲಿ ಜಗದ್ಗುರು ಆರನೆಯ ಪೌಲರು ಧರ್ಮಸಭೆಯ ಪಂಡಿತೆಯೆಂಬ ಬಿರುದನ್ನು ನೀಡಿದರು. ಆಕೆಯ ಸುಮಾರು 380 ಪತ್ರಗಳು ಇಂದಿಗೂ ಉಳಿದಿವೆ.