ನೌಕಾಪಡೆಯ ತರಬೇತಿ ವಿಮಾನದಲ್ಲಿ ನಟ ಲಾರೆನ್ಸ್ ಒಲಿವಿಯರ್

ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ರಂಗಭೂಮಿಯ ಮಹಾನಟರ ಸಾಲಿನಲ್ಲಿ ಲಾರೆನ್ಸ್ ಒಲಿವಿಯರ್ ಅವರದು ಅಗ್ರಸ್ಥಾನ. ಷೇಕ್ಸ್‌ಪಿಯರನ ರಾಜರಿಗೆ ದನಿಯಾದ ಈ ನಟ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಯ ವಿಮಾನಗಳನ್ನು ಹಾರಿಸುತ್ತಿದ್ದರೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಾರದ ಸಂಗತಿ.

1907ರ ಮೇ 22ರಂದು ಇಂಗ್ಲೆಂಡಿನ ಡಾರ್ಕಿಂಗ್‌ನಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದ ಒಲಿವಿಯರ್, 1939ರಲ್ಲಿ ಯುದ್ಧ ಆರಂಭವಾದಾಗ ಹಾಲಿವುಡ್‌ನಲ್ಲಿದ್ದರು. ಅದೇ ವರ್ಷ ತೆರೆಕಂಡ 'ವುದರಿಂಗ್ ಹೈಟ್ಸ್' ಅವರಿಗೆ ಜಗತ್ತಿನಾದ್ಯಂತ ಹೆಸರು ತಂದಿತ್ತು. ತಾಯ್ನಾಡು ಯುದ್ಧದಲ್ಲಿರುವಾಗ ದೂರದ ಸುರಕ್ಷಿತ ನೆಲದಲ್ಲಿ ಬಣ್ಣ ಹಚ್ಚಿಕೊಂಡಿರುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. ಕ್ಯಾಲಿಫೋರ್ನಿಯದಲ್ಲೇ ವಿಮಾನ ಹಾರಿಸುವುದನ್ನು ಕಲಿತರು. 1940ರಲ್ಲಿ, ಡಾರ್ಜಿಲಿಂಗ್‌ನಲ್ಲಿ ಹುಟ್ಟಿದ ನಟಿ ವಿವಿಯನ್ ಲೀ ಅವರನ್ನು ವಿವಾಹವಾದರು. ಚಿತ್ರವೊಂದರಲ್ಲಿ ನೌಕಾವೀರ ನೆಲ್ಸನ್‌ನ ಪಾತ್ರ ಮುಗಿಸಿ, 1941ರ ಆರಂಭದಲ್ಲಿ ಪತ್ನಿಯೊಡನೆ ಸ್ವದೇಶಕ್ಕೆ ಮರಳಿದರು.

ವಾಯುಪಡೆ ಸೇರಬೇಕೆಂಬುದು ಅವರ ಮೊದಲ ಇಚ್ಛೆ. ಆದರೆ ಆಪ್ತ ಗೆಳೆಯ ಹಾಗೂ ಸಹನಟ ರಾಲ್ಫ್ ರಿಚರ್ಡ್‌ಸನ್ ಆಗಲೇ ನೌಕಾಪಡೆಯ ವೈಮಾನಿಕ ವಿಭಾಗದಲ್ಲಿದ್ದರು. ಒಲಿವಿಯರ್ ಕೂಡ ಅಲ್ಲಿಗೇ ಸೇರಿದರು. ವಿಂಚೆಸ್ಟರ್ ಸಮೀಪದ ವರ್ದಿ ಡೌನ್ ನೆಲೆಯ ತರಬೇತಿ ಸ್ಕ್ವಾಡ್ರನ್‌ಗೆ ಅವರ ನೇಮಕವಾಯಿತು.

ಈ ವಿಭಾಗ ವಾಯುಪಡೆಯ ಹಿಡಿತದಿಂದ ನೌಕಾಪಡೆಯ ಕೈಗೆ ಪೂರ್ಣವಾಗಿ ಬಂದದ್ದು 1939ರ ಮೇ ತಿಂಗಳಲ್ಲಿ. ಯುದ್ಧ ಬೆಳೆದಂತೆ ನುರಿತ ಸಿಬ್ಬಂದಿಗೆ ಬೇಡಿಕೆಯೂ ಬೆಳೆಯಿತು. ವಿಮಾನವಾಹಕ ಹಡಗುಗಳಿಂದ ಏರುತ್ತಿದ್ದ ಸ್ವೋರ್ಡ್‌ಫಿಶ್ ವಿಮಾನದಲ್ಲಿ ಸಾಮಾನ್ಯವಾಗಿ ಮೂವರಿರುತ್ತಿದ್ದರು: ಪೈಲಟ್, ದಾರಿ ಗುರುತಿಸುವ ವೀಕ್ಷಕ, ಹಿಂಬದಿಯಲ್ಲಿ ವೈರ್‌ಲೆಸ್ ಹಾಗೂ ಮೆಷಿನ್‌ಗನ್ ಎರಡನ್ನೂ ನೋಡಿಕೊಳ್ಳುವ ಗನ್ನರ್. ವರ್ದಿ ಡೌನ್‌ನಲ್ಲಿ ತಯಾರಾಗುತ್ತಿದ್ದವರು ಈ ಮೂರನೆಯವರು. ಹಾರುವ ವಿಮಾನದಲ್ಲಿ ಮೋರ್ಸ್ ಸಂಕೇತ ಕಳುಹಿಸುವುದನ್ನೂ ಗುರಿಯಿಟ್ಟು ಗುಂಡು ಹಾರಿಸುವುದನ್ನೂ ಅವರು ಕಲಿಯಬೇಕಿತ್ತು. ಅವರನ್ನು ಹೊತ್ತು ಆಕಾಶದಲ್ಲಿ ಸುತ್ತುವುದು ಒಲಿವಿಯರ್ ಅವರಂಥ ಪೈಲಟ್‌ಗಳ ಕೆಲಸ. 1941ರ ಮೇ ತಿಂಗಳಲ್ಲಿ ಜರ್ಮನಿಯ ಬಿಸ್ಮಾರ್ಕ್ ಯುದ್ಧನೌಕೆಯ ಚುಕ್ಕಾಣಿಯನ್ನು ಸ್ವೋರ್ಡ್‌ಫಿಶ್ ವಿಮಾನಗಳ ಟಾರ್ಪಿಡೊ ಕೆಡಿಸಿದಾಗ, ಅವುಗಳ ಹಿಂಬದಿಯಲ್ಲಿ ಕುಳಿತಿದ್ದವರು ಇಂಥ ಗನ್ನರ್‌ಗಳೇ.

ನೆಲ್ಸನ್‌ನ ಪಾತ್ರ ಮಾಡಿದ್ದ ನಟನಿಗೆ ರಣರಂಗ ಮಾತ್ರ ದಕ್ಕಲಿಲ್ಲ. ಪೈಲಟ್ ಆಗಿ ಅವರು ಹೆಸರು ಗಳಿಸಲೂ ಇಲ್ಲ. ವಿಮಾನಗಳನ್ನು ಜಖಂಗೊಳಿಸುವುದರಲ್ಲಿ ರಿಚರ್ಡ್‌ಸನ್ ಆಗಲೇ ಕುಖ್ಯಾತರಾಗಿದ್ದರು. ಒಲಿವಿಯರ್ ಅವರನ್ನೂ ಮೀರಿಸಿದರು. ನೆಲೆಯ ಬಳಿಯ ಪುಟ್ಟ ಮನೆಯಲ್ಲಿ ದಂಪತಿ ವಾಸವಿದ್ದ ಆ ದಿನಗಳಲ್ಲಿ ಸರ್ಕಾರ ಅವರಿಂದ ಹೆಚ್ಚಾಗಿ ಬಯಸಿದ್ದು ಅವರ ಕಂಠವನ್ನು. ಜನರಲ್ಲಿ ಧೈರ್ಯ ತುಂಬುವ ಭಾಷಣಗಳಿಗೆ, ರೇಡಿಯೊ ಕಾರ್ಯಕ್ರಮಗಳಿಗೆ ಮೇಲಿಂದ ಮೇಲೆ ಕರೆ ಬರತೊಡಗಿತು.

1943ರಲ್ಲಿ ಮಾಹಿತಿ ಸಚಿವಾಲಯದ ಒತ್ತಾಸೆಯಿಂದ 'ಐದನೆಯ ಹೆನ್ರಿ' ಚಿತ್ರ ಕೈಗೆತ್ತಿಕೊಂಡರು. ನಟನೆ, ನಿರ್ದೇಶನ, ನಿರ್ಮಾಣ ಮೂರೂ ಅವರದೇ. ಅಜಿನ್‌ಕೂರ್ ಕದನದ ದೃಶ್ಯಗಳು ತಟಸ್ಥ ಐರ್ಲೆಂಡಿನಲ್ಲಿ ಚಿತ್ರಿತವಾದವು. ಯುದ್ಧನಿರತ ಇಂಗ್ಲೆಂಡಿನಲ್ಲಿ ನೂರಾರು ಸಹಕಲಾವಿದರನ್ನು ಒಟ್ಟುಗೂಡಿಸುವುದು ಕಷ್ಟವಾಗಿತ್ತು. 1944ರ ನವೆಂಬರ್‌ನಲ್ಲಿ ತೆರೆಕಂಡ ಈ ವರ್ಣಚಿತ್ರ, ಬ್ರಿಟನ್ನಿನ ಕಮಾಂಡೊ ಹಾಗೂ ವಾಯುವಾಹಿತ ಯೋಧರಿಗೆ ಅರ್ಪಿತವಾಗಿತ್ತು. 1947ರಲ್ಲಿ ಒಲಿವಿಯರ್ ಅವರಿಗೆ ವಿಶೇಷ ಆಸ್ಕರ್ ಸಂದಿತು.

1944ರಲ್ಲೇ ಓಲ್ಡ್ ವಿಕ್ ನಾಟಕ ಸಂಸ್ಥೆಯನ್ನು ಮತ್ತೆ ಕಟ್ಟಲು ಒಲಿವಿಯರ್ ಮತ್ತು ರಿಚರ್ಡ್‌ಸನ್ ಇಬ್ಬರನ್ನೂ ಬಿಟ್ಟುಕೊಡುವಂತೆ ಕೋರಿಕೆ ಹೋಯಿತು. ನೌಕಾಪಡೆ ತಡಮಾಡದೆ ಒಪ್ಪಿತು. ಆ ಅವಸರ ಒಲಿವಿಯರ್ ಅವರ ಮನಸ್ಸನ್ನು ತುಸು ನೋಯಿಸಿತು. ಮುಂದೆ ಅವರು 1963ರಲ್ಲಿ ಬ್ರಿಟನ್ನಿನ ನ್ಯಾಷನಲ್ ಥಿಯೇಟರ್‌ನ ಪ್ರಥಮ ನಿರ್ದೇಶಕರಾದರು. 1989ರ ಜುಲೈ 11ರಂದು ನಿಧನರಾದರು.

ದೇಶಸೇವೆಗೆ ಅವರು ಆರಿಸಿಕೊಂಡ ದಾರಿ ಆಕಾಶದ್ದು. ದೇಶಕ್ಕೆ ಬೇಕಾಗಿದ್ದುದು ಅವರ ಕಲೆ. ಆದರೆ ಯೋಧರಲ್ಲಿ ಹುರುಪು ತುಂಬುವ ರಾಜನ ಪಾತ್ರಕ್ಕೆ ಬಣ್ಣ ಹಚ್ಚುವ ಮುನ್ನ, ಯುದ್ಧಕ್ಕೆ ಹೊರಡಲಿದ್ದ ಯುವಕರನ್ನು ವಿಮಾನದ ಹಿಂಬದಿಯಲ್ಲಿ ಕೂರಿಸಿಕೊಂಡು ಹಾರಿದ ಅನುಭವ ಅವರಿಗಿತ್ತು. ಬೇರೆ ನಟರಿಗೆ ಸುಲಭವಾಗಿ ದೊರೆಯದ ಸಿದ್ಧತೆ ಅದು.