ಉದ್ಯಾನನಗರದ ಮೂಲಪುರುಷ: ಎಬೆನೇಜರ್ ಹೊವಾರ್ಡ್

ಉದ್ಯಾನನಗರವೆಂಬ ಮಾತು ನಮ್ಮ ವಾಚಕರಿಗೆ ಹೊಸತಲ್ಲ. ಬೆಂಗಳೂರಿಗೆ ಈ ಬಿರುದು ಸಂದು ಬಹುಕಾಲವಾಯಿತು. ಹೈದರಾಲಿಯು ೧೭೬೦ರ ಸುಮಾರಿನಲ್ಲಿ ಹಾಕಿಸಿದ ಲಾಲ್‌ಬಾಗೂ ಆಮೇಲೆ ಬೆಳೆದ ಸಾಲುಮರಗಳೂ ಅದಕ್ಕೆ ಕಾರಣವೆಂಬುದು ಎಲ್ಲರಿಗೂ ವಿದಿತವಾದದ್ದೇ. ಆದರೆ ಈ ಮಾತನ್ನು ಊರುಕಟ್ಟುವ ಶಾಸ್ತ್ರದಲ್ಲಿ ಪಾರಿಭಾಷಿಕ ಪದವಾಗಿ ನೆಲೆಗೊಳಿಸಿದ ಪುರುಷರ ಅಭಿಪ್ರಾಯದಲ್ಲಿ, ಒಳಗೆ ತೋಟಗಳಿದ್ದ ಮಾತ್ರಕ್ಕೆ ಒಂದು ಊರು ಉದ್ಯಾನನಗರವಾಗದು. ಯಾವ ಊರಿನ ಸುತ್ತಲೂ ಹೊಲ, ಹುಲ್ಲುಗಾವಲು, ಹಣ್ಣಿನ ತೋಟಗಳು ಎಂದೆಂದಿಗೂ ಉಳಿದಿರುವಂತೆ ಕಟ್ಟುಮಾಡಲ್ಪಟ್ಟಿವೆಯೋ, ಯಾವ ಊರಿನ ನೆಲವೆಲ್ಲವೂ ನಿವಾಸಿಗಳ ಹಿತಕ್ಕಾಗಿ ಒಂದೇ ಕೈಯಲ್ಲಿ ಇರುವುದೋ, ಎಲ್ಲಿ ಜನಸಂಖ್ಯೆಗೆ ಒಂದು ಮಿತಿ ಉಂಟೋ ಅದು ಮಾತ್ರ ಉದ್ಯಾನನಗರ. ಈ ಅರ್ಥದಲ್ಲಿ ನೋಡಿದರೆ ಬೆಂಗಳೂರು ಎಂದೂ ಉದ್ಯಾನನಗರವಾಗಿರಲಿಲ್ಲವೆಂದೇ ಹೇಳಬೇಕಾಗುತ್ತದೆ. ಹೀಗೆಂದುದಕ್ಕೆ ಬೆಂಗಳೂರಿನ ಮಿತ್ರರು ನಮ್ಮ ಮೇಲೆ ಮುನಿಯಲಾರರೆಂದು ನಂಬಿದ್ದೇವೆ.

ಆ ಪುರುಷರು ಸರ್ ಎಬೆನೇಜರ್ ಹೊವಾರ್ಡರು. ಅವರು ಇಂಜಿನಿಯರರಲ್ಲ, ಶಿಲ್ಪಿಯಲ್ಲ, ಜಹಗೀರುದಾರರಲ್ಲ, ಅಧಿಕಾರಿಯೂ ಅಲ್ಲ. ಜೀವಮಾನದ ಬಹುಭಾಗ ಪರರ ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡು ಹೊಟ್ಟೆ ಹೊರೆದ ಒಬ್ಬ ಬರಹಗಾರರು. ಬಡಾವಣೆಗಳ ನಕ್ಷೆಗೆ ರುಜು ಹಾಕುವ ಅಧಿಕಾರ ಪಡೆದಿರುವ ನಮ್ಮ ಪುರಸಭೆಗಳ ಸದಸ್ಯರೂ ಅಧಿಕಾರಿಗಳೂ ಈ ಬರಹಗಾರರ ಚರಿತ್ರೆಯನ್ನು ಒಮ್ಮೆ ಅವಲೋಕಿಸುವುದು ಯುಕ್ತವೆಂದು ತೋರಿ ಇದನ್ನು ಬರೆಯಲು ತೊಡಗಿದ್ದೇವೆ.

ಹೊವಾರ್ಡರು ಜನಿಸಿದುದು ೧೮೫೦ನೆಯ ಜನವರಿ ೨೯ರಂದು, ಲಂಡನ್ ನಗರದ ಒತ್ತಾದ ಬೀದಿಯೊಂದರಲ್ಲಿ. ತಂದೆಯು ಮಿಠಾಯಿ ಮತ್ತು ರೊಟ್ಟಿಯ ವ್ಯಾಪಾರಿ. ಬಾಲ್ಯದಲ್ಲಿ ಹುಡುಗನನ್ನು ಹಳ್ಳಿಗಾಡಿನ ವಸತಿಶಾಲೆಗಳಿಗೆ ಕಳುಹಿಸಿದ್ದರಿಂದ ಪಟ್ಟಣ, ಹಳ್ಳಿ ಎರಡರ ಗಾಳಿಯೂ ಆತನಿಗೆ ತಗುಲಿತು. ಹದಿನೈದನೆಯ ವಯಸ್ಸಿಗೆ ಓದು ಮುಗಿಯಿತು, ಗುಮಾಸ್ತೆಗಿರಿ ಮೊದಲಾಯಿತು. ಪಿಟ್‌ಮನ್ನರ ಶೀಘ್ರಲಿಪಿಯನ್ನು ತಾನಾಗಿಯೇ ಕಲಿತುಕೊಂಡನು. ೧೮೭೧ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಇಬ್ಬರು ಗೆಳೆಯರೊಡನೆ ಅಮೆರಿಕಕ್ಕೆ ಹಡಗು ಹತ್ತಿ, ನೆಬ್ರಾಸ್ಕ ಸೀಮೆಯಲ್ಲಿ ೧೬೦ ಎಕರೆ ನೆಲ ಹಿಡಿದು ಒಕ್ಕಲುತನಕ್ಕೆ ನಿಂತನು. ಲೇಖಣಿ ಹಿಡಿದ ಕೈಗೆ ನೇಗಿಲು ಒಗ್ಗಲಿಲ್ಲ. ಒಂದು ಚಳಿಗಾಲ ಕಳೆಯುವುದರೊಳಗೆ ಗೆಳೆಯನ ಬಳಿಯೇ ಕೂಲಿಯಾಗಿ ನಿಲ್ಲುವ ಸ್ಥಿತಿ ಬಂದಿತು. ೧೮೭೨ರಲ್ಲಿ ಷಿಕಾಗೋ ನಗರಕ್ಕೆ ಹೋಗಿ ನ್ಯಾಯಾಲಯಗಳಲ್ಲಿ ಶೀಘ್ರಲಿಪಿಯ ಕೆಲಸ ಹಿಡಿದನು. ಹಿಂದಿನ ವರ್ಷವಷ್ಟೇ ಮಹಾಜ್ವಾಲೆಗೆ ಸಿಕ್ಕಿ ಬೂದಿಯಾಗಿದ್ದ ಆ ನಗರವನ್ನು ಜನರು ಮತ್ತೆ ಕಟ್ಟುತ್ತಿದ್ದ ಕಾಲವದು. ಒಂದು ಊರನ್ನು ಬುಡದಿಂದ ಕಟ್ಟಬಹುದೆಂಬುದನ್ನು ತರುಣನು ಅಲ್ಲಿ ಕಣ್ಣಾರೆ ಕಂಡನು. ಆ ನಗರದ ಮುದ್ರೆಯಲ್ಲಿಯೂ ತೋಟದೊಳಗಿನ ಪಟ್ಟಣವೆಂಬ ಅರ್ಥದ ಬಿರುದೇ ಇತ್ತು.

೧೮೭೬ರಲ್ಲಿ ಸ್ವದೇಶಕ್ಕೆ ಮರಳಿ, ಪಾರ್ಲಿಮೆಂಟಿನ ವರದಿಯ ಕೆಲಸ ಮಾಡುತ್ತಿದ್ದ ಸಂಸ್ಥೆಯೊಂದರಲ್ಲಿ ಸೇರಿದರು. ೧೮೭೯ರಲ್ಲಿ ವಿವಾಹವಾಯಿತು, ನಾಲ್ವರು ಮಕ್ಕಳಾದರು, ಸಂಪಾದನೆ ಎಂದೂ ಸಾಲಲಿಲ್ಲ. ಉಳಿದ ಚೂರುಪಾರು ಹಣವೂ ಬೆರಳಚ್ಚು ಯಂತ್ರವನ್ನು ಸುಧಾರಿಸುವ ಪ್ರಯೋಗಗಳಿಗೆ ಕರಗುತ್ತಿತ್ತು. ಇಲ್ಲಿ ನಾವೊಂದು ಮಾತು ಹೇಳಬೇಕು. ಸಭೆಗಳಲ್ಲಿ ಮೂಲೆಯ ಮೇಜಿಗೆ ಕುಳಿತು ಬರೆದುಕೊಳ್ಳುವವನನ್ನು ಭಾಷಣಕಾರರು ಕುರ್ಚಿ ಬೆಂಚುಗಳೊಡನೆ ಎಣಿಸಿಬಿಡುವುದು ವಾಡಿಕೆ. ಪತ್ರಿಕಾವೃತ್ತಿಯವರಾದ ನಮಗೆ ಇದರ ಅನುಭವವಿದೆ. ಆದರೆ ದೇಶದ ಭೂಮಿ, ಬಡವರ ವಸತಿ, ಕೂಲಿಕಾರರ ಸ್ಥಿತಿಗತಿ ಇವುಗಳ ವಿಚಾರವಾಗಿ ಮುಖಂಡರು ಆಡುವ ಮಾತುಗಳನ್ನು ವರ್ಷಾನುಗಟ್ಟಲೆ ಅಕ್ಷರಕ್ಕಕ್ಷರ ಕೇಳಬೇಕಾದವನು ಅವನೊಬ್ಬನೇ. ಹಳ್ಳಿಗಳು ಬರಿದಾಗಿ ಜನರು ಲಂಡನ್ನಿನ ಹೊಲಗೇರಿಗಳಲ್ಲಿ ತುಂಬುತ್ತಿರುವರೆಂದು ಎಲ್ಲ ಪಕ್ಷದವರೂ ಒಪ್ಪಿದರು. ಪರಿಹಾರವನ್ನು ಮಾತ್ರ ಒಬ್ಬರೂ ಸೂಚಿಸಲಿಲ್ಲ. ಹೊವಾರ್ಡರು ಬರೆದುಕೊಳ್ಳುತ್ತಲೇ ಇದ್ದರು, ಯೋಚಿಸುತ್ತಲೂ ಇದ್ದರು. ಭೂಮಿಯ ಬೆಲೆಯ ಏರಿಕೆಯು ಸಮಾಜದ ಸೊತ್ತೆಂದು ವಾದಿಸಿದ ಹೆನ್ರಿ ಜಾರ್ಜರ ಬರಹಗಳೂ, ಅಮೆರಿಕದ ಬೆಲ್ಲಮಿಯವರು ೧೮೮೮ರಲ್ಲಿ ಪ್ರಕಟಿಸಿದ ಭವಿಷ್ಯದ ಕಥೆಯೂ ಅವರ ಮನಸ್ಸನ್ನು ಕದಡಿದವು.

ಕೊನೆಗೆ ೧೮೯೮ರಲ್ಲಿ, ಅಮೆರಿಕದ ಸ್ನೇಹಿತರೊಬ್ಬರು ಕೊಟ್ಟ ೫೦ ಪೌಂಡುಗಳ ಸಹಾಯದಿಂದ, ಅವರ ಪುಸ್ತಕವು ಅಚ್ಚಾಯಿತು. ಅದೇ ವರ್ಷ ಬೆಂಗಳೂರಿಗೆ ಪ್ಲೇಗು ಹೊಕ್ಕು, ಪೇಟೆಯ ಇಕ್ಕಟ್ಟಿನಿಂದ ಓಡಿದ ಜನರಿಗೆ ಮಲ್ಲೇಶ್ವರ, ಬಸವನಗುಡಿಗಳ ಅಗಲವಾದ ಬೀದಿಗಳು ಆಶ್ರಯವಾದುದನ್ನು ನೆನೆದರೆ, ಗಾಳಿ ಬೆಳಕಿನ ಪ್ರಶ್ನೆ ಒಂದು ದೇಶಕ್ಕೆ ಸೇರಿದುದಾಗಿರಲಿಲ್ಲವೆಂಬುದು ತಿಳಿಯುತ್ತದೆ.

ಪುಸ್ತಕದ ಯೋಜನೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯಕ. ಬೇಸಾಯದ ಬೆಲೆಗೆ, ಎಂದರೆ ಎಕರೆಗೆ ೪೦ ಪೌಂಡಿನಂತೆ, ೬,೦೦೦ ಎಕರೆ ಕೊಳ್ಳತಕ್ಕದ್ದು. ಅದರಲ್ಲಿ ಮಧ್ಯದ ೧,೦೦೦ ಎಕರೆ ಮಾತ್ರ ಊರು. ಉಳಿದ ೫,೦೦೦ ಎಕರೆ ಹೊಲ, ಹುಲ್ಲು, ಹಾಲಿನ ಹಟ್ಟಿ, ಹಣ್ಣಿನ ತೋಟ. ಊರಿನಲ್ಲಿ ೩೦,೦೦೦ ಜನ, ಸುತ್ತಲ ಸಾಗುವಳಿಯಲ್ಲಿ ೨,೦೦೦. ನಡುವೆ ೧೪೫ ಎಕರೆಯ ಉದ್ಯಾನ; ಮನೆಗಳ ಸಾಲಿನ ನಡುವೆ ೪೨೦ ಅಡಿ ಅಗಲದ ಹಸುರು ಬೀದಿ, ಅದರೊಳಗೇ ಪಾಠಶಾಲೆಗಳು; ಹೊರಸುತ್ತಿನಲ್ಲಿ ಕಾರ್ಖಾನೆಗಳು. ಊರು ತುಂಬಿದರೆ ಸುತ್ತಣ ಬಯಲನ್ನು ಮುಟ್ಟಕೂಡದು. ಅದನ್ನು ದಾಟಿ ಆಚೆ ಇನ್ನೊಂದು ಊರನ್ನು ಕಟ್ಟತಕ್ಕದ್ದು. ಇದಕ್ಕೆ ಅವರು ಕೊಟ್ಟ ದೃಷ್ಟಾಂತ ಆಸ್ಟ್ರೇಲಿಯದ ಅಡಿಲೇಡ್ ನಗರ. ಅಲ್ಲಿ ಊರನ್ನು ಸುತ್ತಿದ ಉದ್ಯಾನಭೂಮಿಯನ್ನು ಹಾಗೆಯೇ ಬಿಟ್ಟು ಆಚೆ ಉತ್ತರ ಅಡಿಲೇಡನ್ನು ಕಟ್ಟಿದ್ದರು. ನಕ್ಷೆಗಳ ಕೆಳಗೆ, ಇವು ಮಾದರಿ ಮಾತ್ರ, ನಿಜವಾದ ನಕ್ಷೆ ಆಯಾ ನೆಲವನ್ನು ನೋಡಿಯೇ ಆಗಬೇಕೆಂಬ ಎಚ್ಚರಿಕೆಯನ್ನೂ ಅವರು ಸೇರಿಸಿದ್ದರು. ಒಂದೇ ನಕ್ಷೆಯನ್ನು ಕೆರೆಯಂಗಳಕ್ಕೂ ಕಲ್ಲುಗುಡ್ಡಕ್ಕೂ ಹೊಂದಿಸುವವರು ಇದನ್ನು ಗಮನಿಸಲೆಂದು ಪ್ರಾರ್ಥಿಸುತ್ತೇವೆ.

ಊರಿಗೆ ತಾಗಿದ ಬಯಲನ್ನು ಮೀಸಲಿಡುವುದು ನಮ್ಮವರಿಗೆ ವಿಚಿತ್ರವಲ್ಲ. ಗೋಮಾಳವೆಂದರೇನು, ಗುಂಡುತೋಪೆಂದರೇನು ಎಂಬುದು ಶಾನುಭೋಗರ ಲೆಕ್ಕ ಬಲ್ಲ ಪ್ರತಿಯೊಬ್ಬನಿಗೂ ಗೊತ್ತು. ಆದರೂ ನಾವು ಪಾಠಶಾಲೆಗೆ ಹೋಗುತ್ತಿದ್ದ ಊರಿನಲ್ಲಿ, ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದ ಗುಂಡುತೋಪು ಈಗ ಇಲ್ಲ. ಅಲ್ಲಿ ನಿವೇಶನದ ಕಲ್ಲುಗಳು ನಿಂತಿವೆ. ಹೊವಾರ್ಡರು ಬಯಲಿನ ಸೊಬಗನ್ನು ವರ್ಣಿಸಿ ಸುಮ್ಮನಾಗಲಿಲ್ಲ. ಬಯಲು ಏಕೆ ಮಾಯವಾಗುತ್ತದೆಂಬುದರ ಲೆಕ್ಕ ಹಾಕಿದರು. ಜನರು ಬಂದು ನೆಲಸಿದರೆ ನೆಲದ ಬೆಲೆ ಏರುತ್ತದೆ. ಏರಿದ ಬೆಲೆ ಖಾಸಗಿ ಒಡೆಯನದಾದರೆ, ಪ್ರತಿಯೊಂದು ತುಂಡು ಬಯಲೂ ಅವನ ಕಣ್ಣಿಗೆ ಮಾರದೆ ಉಳಿದ ನಿವೇಶನವಾಗಿಯೇ ಕಾಣುತ್ತದೆ. ಆದುದರಿಂದ ನೆಲವನ್ನು ಊರಿನ ಪರವಾಗಿ ಧರ್ಮದರ್ಶಿಗಳು ಹಿಡಿದಿರಬೇಕು. ಮನೆ ಕಟ್ಟುವವರೂ ಒಕ್ಕಲಿಗರೂ ನೆಲಬಾಡಿಗೆ ಕೊಡಬೇಕು. ಆ ಬಾಡಿಗೆಯಲ್ಲಿ ಮೊದಲು ಸಾಲದ ಬಡ್ಡಿ, ಆಮೇಲೆ ಅಸಲು, ಮಿಕ್ಕುದೆಲ್ಲ ರಸ್ತೆ, ಶಾಲೆ, ಉದ್ಯಾನ, ವೃದ್ಧರ ವೇತನ. ಹೊಲವು ಹೊಲವಾಗಿ ಉಳಿದುದರಿಂದ ಯಾರಿಗೂ ನಷ್ಟವಿಲ್ಲದಂತೆ ಏರ್ಪಾಡು ಮಾಡುವುದೇ ಯೋಜನೆಯ ಜೀವಾಳ.

ಪತ್ರಿಕೆಗಳು ಪರಿಹಾಸ ಮಾಡಿದವು. ಫೇಬಿಯನ್ ಪಂಥದ ಸಮಾಜವಾದಿಗಳೂ ತಲೆಯಾಡಿಸಿದರು. ಹೊವಾರ್ಡರು ದೀಪಚಿತ್ರಗಳನ್ನು ಹೊತ್ತುಕೊಂಡು ಊರೂರಿಗೆ ಹೋಗಿ ಉಪನ್ಯಾಸ ಮಾಡಿದರು. ನೋಡಲು ಕುಳ್ಳು, ಉಡುಪಿನಲ್ಲಿ ಅಲಕ್ಷ್ಯ, ಆದರೆ ಕಂಠ ಮಾತ್ರ ಗಂಭೀರ. ೧೮೯೯ರಲ್ಲಿ ಉದ್ಯಾನನಗರ ಸಂಘ ಹುಟ್ಟಿತು. ನ್ಯಾಯವಾದಿ ರಾಲ್ಫ್ ನೆವಿಲ್ ಅಧ್ಯಕ್ಷರಾದ ಮೇಲೆ ಹಣವಂತರು ಕಿವಿಗೊಟ್ಟರು. ಪುಸ್ತಕವು ೧೯೦೨ರಲ್ಲಿ ಹೊಸ ಹೆಸರಿನಿಂದ ಮತ್ತೆ ಬಂದಿತು. ೧೯೦೩ರಲ್ಲಿ, ಲಂಡನ್ನಿನ ಉತ್ತರಕ್ಕೆ ಸುಮಾರು ೩೫ ಮೈಲಿ ದೂರದ ಲೆಚ್‌ವರ್ತ್ ಎಂಬಲ್ಲಿ, ಬೆಲೆ ಏರದಂತೆ ಗುಟ್ಟಾಗಿ ೧೫ ಮಂದಿ ಒಡೆಯರೊಡನೆ ವ್ಯವಹರಿಸಿ ೩,೮೧೮ ಎಕರೆ ಕೊಂಡರು. ಅದೇ ವರ್ಷದ ಅಕ್ಟೋಬರ್ ೯ರಂದು ಸುರಿಯುವ ಮಳೆಯಲ್ಲಿ, ಕೆಸರಿನ ನಡುವೆ ಹಾಕಿದ ಡೇರೆಯಲ್ಲಿ ಪ್ರಾರಂಭೋತ್ಸವ ನಡೆಯಿತು.

ರೇಮಂಡ್ ಅನ್ವಿನ್, ಬ್ಯಾರಿ ಪಾರ್ಕರ್ ಎಂಬ ಶಿಲ್ಪಿಗಳು ನಕ್ಷೆ ಎಳೆದರು. ಪುಸ್ತಕದ ಚಕ್ರಾಕಾರವನ್ನು ಬಿಟ್ಟು ನೆಲದ ಏರುತಗ್ಗನ್ನೂ ಇದ್ದ ಮರಗಳನ್ನೂ ಅನುಸರಿಸಿದರು. ಇಡೀ ಊರಿಗಾಗಿ ಕಡಿದುದು ಒಂದೇ ಮರವೆಂದು ಹೇಳುವುದುಂಟು. ಎಕರೆಗೆ ಹನ್ನೆರಡಕ್ಕೆ ಮಿಕ್ಕಿ ಮನೆಗಳಾಗಬಾರದೆಂಬ ಅನ್ವಿನ್ನರ ನಿಯಮವು ಮುಂದೆ ಇಂಗ್ಲೆಂಡಿನ ಸರಕಾರಿ ವಸತಿಗಳಿಗೂ ಹರಡಿತು. ಕಾರ್ಖಾನೆಗಳು ಬಂದವು, ಎವೆರಿಮನ್ಸ್ ಲೈಬ್ರರಿ ಮಾಲೆಯನ್ನು ಪ್ರಕಟಿಸಿದ ಡೆಂಟ್ ಸಂಸ್ಥೆಯ ಮುದ್ರಣಾಲಯವೂ ಅವುಗಳಲ್ಲೊಂದು.

ಆದರೆ ಎಲ್ಲವೂ ಹೊವಾರ್ಡರ ಇಷ್ಟದಂತೆ ನಡೆಯಿತೆಂದು ವಾಚಕರು ಭಾವಿಸಬಾರದು. ಹಣ ಹೂಡಿದ ನಿರ್ದೇಶಕರಿಗೆ ಅವರ ಲೆಕ್ಕದ ಮುಖ್ಯಾಂಶವೇ ಭಾರವೆನಿಸಿತು. ನೆಲಬಾಡಿಗೆಯನ್ನು ಕಾಲಕಾಲಕ್ಕೆ ಪರಿಷ್ಕರಿಸುವ ಕರಾರಿದ್ದರೆ ಕಾರ್ಖಾನೆಯವರು ಬರಲಾರರೆಂದು ಹೆದರಿ, ೯೯ ವರ್ಷದ ನಿಶ್ಚಿತ ಗುತ್ತಿಗೆಗಳನ್ನು ಕೊಟ್ಟರು. ಲಾಭಾಂಶವು ನೂರಕ್ಕೆ ಐದನ್ನು ಮೀರಕೂಡದೆಂಬ ನಿಬಂಧನೆ ಉಳಿಯಿತು; ಆದರೆ ಮೊದಲ ಲಾಭಾಂಶ ಬಂದುದೇ ೧೯೧೩ರಲ್ಲಿ. ಬಯಲು ಮಾತ್ರ ಮಾರಾಟವಾಗಲಿಲ್ಲ. ಹತ್ತು ವರ್ಷ ಬಿಡಿಗಾಸಿನ ಪ್ರತಿಫಲವಿಲ್ಲದಿದ್ದರೂ ಅಂಚಿನ ಹೊಲಗಳನ್ನು ಮುರಿದು ಹಣ ಮಾಡಿಕೊಳ್ಳದೆ ಕುಳಿತ ಆ ಷೇರುದಾರರಿಗೆ ನಮ್ಮ ನಮಸ್ಕಾರ ಸಲ್ಲಬೇಕು.

ಹೊವಾರ್ಡರ ಸಂಸಾರದ ಸುಖ ಹೆಚ್ಚಲ್ಲ. ಬಡತನದಲ್ಲಿ ಜೊತೆಯಿದ್ದು ಯೋಜನೆಯನ್ನು ಮೊದಲಿನಿಂದ ನಂಬಿದ್ದ ಪತ್ನಿ ಎಲಿಜಬೆತ್ ೧೯೦೪ರಲ್ಲಿ, ಲೆಚ್‌ವರ್ತಿನ ಮನೆಗೆ ಹೊಕ್ಕುವ ಮುನ್ನವೇ ತೀರಿಹೋದರು. ೧೯೦೭ರಲ್ಲಿ ಎರಡನೆಯ ವಿವಾಹವಾಯಿತು. ಎಸ್ಪರಾಂಟೋ ಎಂಬ ಕೃತಕ ಭಾಷೆಯ ಹುಚ್ಚೂ ಅವರಿಗಿತ್ತು, ಅದನ್ನಿಲ್ಲಿ ವಿಸ್ತರಿಸುವುದಿಲ್ಲ.

ಮೊದಲನೆಯ ಮಹಾಯುದ್ಧ ಮುಗಿದಾಗ ಅವರಿಗೆ ೬೮ ವರ್ಷ. ಸರಕಾರವೇ ಅನೇಕ ಉದ್ಯಾನನಗರಗಳನ್ನು ಕಟ್ಟಲೆಂದು ಅವರ ತರುಣ ಸಂಗಡಿಗರು ಪ್ರಚಾರ ನಡೆಸುತ್ತಿದ್ದರು. ಸರಕಾರದ ದಾರಿ ಕಾಯುವಷ್ಟು ಆಯುಸ್ಸು ತಮಗಿಲ್ಲವೆಂದು ಮುದುಕರು ಅರಿತಿದ್ದರು. ೧೯೧೯ನೆಯ ಮೇ ತಿಂಗಳಲ್ಲಿ ವೆಲ್ವಿನ್ ಬಳಿ ಪ್ರಭುವೊಬ್ಬರ ಜಮೀನು ಹರಾಜಿಗೆ ಬಂದಿತು. ಹೊವಾರ್ಡರು ಸ್ನೇಹಿತರ ಬಾಗಿಲು ತಟ್ಟಿ ಮುಂಗಡಕ್ಕೆಂದು ಕೆಲವು ಸಾವಿರ ಪೌಂಡು ಕೂಡಿಸಿ, ಹರಾಜಿನಲ್ಲಿ ೧,೪೫೮ ಎಕರೆಯನ್ನು ೫೧,೦೦೦ ಪೌಂಡಿಗೆ ತಮ್ಮ ಪರವಾಗಿ ಕೂಗಿಸಿಬಿಟ್ಟರು. ಕೈಯಲ್ಲಿದ್ದುದು ಮುಂಗಡಕ್ಕೂ ಸಾಲಲಿಲ್ಲ. ಅವರ ಪರವಾಗಿ ಕೂಗಿದ ದಲ್ಲಾಳಿಯೇ ಕೊರತೆಯನ್ನು ತುಂಬಿಕೊಟ್ಟನು. ಸಂಗಡಿಗರಿಗೆ ಕಂಗೆಡುವಂತಾಯಿತು. ಬೇರೊಬ್ಬನು ಹೀಗೆ ಮಾಡಿದ್ದರೆ ನಾವು ಅವಿವೇಕವೆನ್ನುತ್ತಿದ್ದೆವು. ವಾಸ್ತವವಾಗಿ ಅವಿವೇಕವೇ ಆಗಿತ್ತು. ಆದರೂ ಮರುವರ್ಷವೇ ಕಂಪೆನಿ ನಿಂತಿತು, ಲೂಯಿ ಡಿ ಸ್ವಾಸೋನ್ಸ್ ಎಂಬ ಶಿಲ್ಪಿಯ ನಕ್ಷೆಯಂತೆ ಎರಡನೆಯ ಉದ್ಯಾನನಗರ ಎದ್ದಿತು.

೧೯೨೭ರಲ್ಲಿ ಅವರಿಗೆ ಸರ್ ಪದವಿ ಬಂದಿತು. ೧೯೨೮ನೆಯ ಮೇ ೧ರಂದು ವೆಲ್ವಿನ್ನಿನಲ್ಲಿ ದೇಹಬಿಟ್ಟರು. ಸಮಾಧಿಯಾದುದು ಲೆಚ್‌ವರ್ತಿನಲ್ಲಿ. ಸಾವಿರಾರು ಎಕರೆಗಳ ವ್ಯವಹಾರ ನಡೆಸಿಯೂ ಅವರು ಹಣವಂತರಾಗಿ ಸಾಯಲಿಲ್ಲ.

ಆ ಎರಡು ಊರುಗಳ ಮುಂದಿನ ವೃತ್ತಾಂತವೂ ಅವರ ಚರಿತ್ರೆಗೇ ಸೇರಿದುದು. ೧೯೩೮ರಲ್ಲಿ ಲಂಡನ್ನಿನ ಸುತ್ತ ಹಸುರು ಪಟ್ಟಿಯ ಕಾಯಿದೆಯೂ, ೧೯೪೬ರಲ್ಲಿ ಹೊಸ ಪಟ್ಟಣಗಳ ಕಾಯಿದೆಯೂ ಆದವು. ೧೯೪೮ರಲ್ಲಿ ವೆಲ್ವಿನ್ ಆ ಕಾಯಿದೆಯ ಮೇರೆಗೆ ಸರಕಾರಿ ಮಂಡಲಿಗೆ ಹೋಯಿತು. ಊರಿನ ನೆಲ ಊರಿನವರ ಪರವಾಗಿರಬೇಕೆಂಬ ಹೊವಾರ್ಡರ ಉದ್ದೇಶ ಅಲ್ಲಿ ಕೈಗೂಡಲಿಲ್ಲ. ಲೆಚ್‌ವರ್ತಿಗೆ ಬಂದ ಗಂಡಾಂತರ ಬೇರೆ ಬಗೆಯದು. ೧೯೬೦ರ ಸುಮಾರಿನಲ್ಲಿ ಹೊರಗಿನ ಕಂಪೆನಿಯೊಂದು ಷೇರುಗಳನ್ನು ಕೊಂಡು ಇಡೀ ಜಮೀನಿನ ಹಿಡಿತ ಸಾಧಿಸಿತು. ಬಯಲಿನ ಬೆಲೆ ಏನೆಂಬುದು ಕೊಂಡವರಿಗೆ ಚೆನ್ನಾಗಿ ತಿಳಿದಿತ್ತು. ಊರಿನ ಪುರಸಭೆ ಸುಮ್ಮನಿರದೆ ಪಾರ್ಲಿಮೆಂಟಿನವರೆಗೆ ಹೋಗಿ ೧೯೬೨ರಲ್ಲಿ ಪ್ರತ್ಯೇಕ ಶಾಸನವನ್ನೇ ಮಾಡಿಸಿತು. ೧೯೬೩ರಿಂದ ನೆಲವೆಲ್ಲ ಸಾರ್ವಜನಿಕ ಮಂಡಲಿಯ ವಶವಾಯಿತು. ೧೯೯೫ರ ಇನ್ನೊಂದು ಶಾಸನದಿಂದ ಅದು ಧರ್ಮಾರ್ಥ ಪ್ರತಿಷ್ಠಾನವಾಯಿತು. ಅಂಗಡಿ, ಕಾರ್ಖಾನೆ, ಹೊಲಗಳ ಬಾಡಿಗೆಯಿಂದ ಬಂದ ಮಿಗತೆಯನ್ನು ಅದು ಊರಿಗೇ ವೆಚ್ಚ ಮಾಡುತ್ತದೆ. ೨೦೧೧ರ ಗಣತಿಯಲ್ಲಿ ಅಲ್ಲಿಯ ಜನಸಂಖ್ಯೆ ಸುಮಾರು ೩೩,೦೦೦; ಶೀಘ್ರಲಿಪಿಯ ಬರಹಗಾರರು ೧೮೯೮ರಲ್ಲಿ ಕಾಗದದ ಮೇಲೆ ಇಟ್ಟಿದ್ದ ಅಂಕಿ ೩೨,೦೦೦. ಊರಿನ ಸುತ್ತ ಹೊಲಗಳ ನಡುವೆ ಸುಮಾರು ಹದಿಮೂರೂವರೆ ಮೈಲಿಯ ಕಾಲುದಾರಿಯೊಂದಿದೆ.